ಇನ್ನೊಂದು ಡಬ್ಬ

ದೋಣಿಗೆ ಹದಿನೈದು ನಿಮಿಷ ಸಾಕು.
ಇಳಿದವರು ನಾಲ್ವರು: ಸೈಕಲ್ಲಿನ ಹುಡುಗ,
ಕೋಳಿಮೇವಿನ ಮೂಟೆ ಹೊತ್ತ ಗಂಡ ಹೆಂಡತಿ,
ಮತ್ತೆ ನಾನು.
ಜೆಟ್ಟಿಯ ತುದಿಗೆ ನಂಬರ್ ಪ್ಲೇಟಿಲ್ಲದ ಕಾರುಗಳು,
ಬೀಗದ ಕೈ ಸೀಟಿನ ಮೇಲೇ.
ಮೂಟೆ ಹೋಯಿತು, ಸೈಕಲ್ಲೂ ಹೋಯಿತು,
ಉಳಿದದ್ದು ಮಣ್ಣುರಸ್ತೆ,
ಕಾಂಡ್ಲಾ ಬೇರುಗಳ ಕೆಸರುವಾಸನೆ,
ಕಿವಿಯೊಳಗೆ ನನ್ನದೇ ರಕ್ತದ ಸದ್ದು.

ಮೆಲ್ಬರ್ನಿನಲ್ಲಿ ಹೇಳಿದ್ದರು,
ಅಲ್ಲೇನಿದೆ ನೋಡೋಕೆ,
ಜನಕ್ಕಿಂತ ಕೊವಾಲಾ ಹೆಚ್ಚು, ಅವೂ ಮಲಗಿರುತ್ತವೆ.
ಹಾಗಾದರೆ ಹೋಗುತ್ತೇನೆ ಅಂದಿದ್ದೆ.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿದವಳಿಗೆ
ಮಲಗಿರುವವರನ್ನು ನೋಡುವುದು
ಅಭ್ಯಾಸವಾಗಿಬಿಟ್ಟಿದೆ.

ಎರಡು ಮೈಲಿ ನಡೆದ ಮೇಲೆ ಒಂದು ಗೂಡು.
ಹಕ್ಕಿಯದಲ್ಲ, ಸುಣ್ಣದ್ದೂ ಅಲ್ಲ,
ಸೊಟ್ಟ ತಗಡಿನ ಟೊಪ್ಪಿ ಹಾಕಿಕೊಂಡು
ಹೊಲದ ನಡುವೆ ಒಂಟಿ ನಿಂತ ಇಟ್ಟಿಗೆಯ ಗೂಡು.
ಪಕ್ಕದ ಬೇಲಿಗೆ ತಂತಿ ಬಿಗಿಯುತ್ತಿದ್ದ ಮುದುಕಿ,
ನೆಟ್ಟಿ ಬರ್ಕೆಟ್, ತಲೆ ಎತ್ತದೆ ಕೇಳಿದಳು:
ದಾರಿ ತಪ್ಪಿತೇನು?
ಇಲ್ಲ. ಅದೇನದು?
ಚಿಕೋರಿ ಸುಡುವ ಗೂಡು, ಅಂದಳು.

ಇಷ್ಟು ಸಲೀಸಾಗಿ! ಇಷ್ಟು ದೊಡ್ಡ ಆಕಾಶದ ಕೆಳಗೆ!

ನಮ್ಮ ಮನೆಯಲ್ಲಿ ಆ ಹೆಸರು ಎತ್ತುತ್ತಿರಲಿಲ್ಲ.
ಅರಸೀಕೆರೆ ಸ್ಟೇಷನ್ ರಸ್ತೆ, ಹಳದಿ ಬೋರ್ಡು:
'ಶುದ್ಧ ಕಾಫಿ ಪುಡಿ, ಮಾಲೀಕರು ಗುರುಶಾಂತಪ್ಪ.'
ಮುಂದೆ ಮಿಷನ್ನು, ಹಿಂದೆ ಗೋಣಿಯ ಪರದೆ,
ಪರದೆಯ ಹಿಂದೆ ಮುಚ್ಚಳ ಸಡಿಲಾದ ತಗಡಿನ ಡಬ್ಬ.
ಅಪ್ಪ ಕಣ್ಣಲ್ಲೇ ಹೇಳುವರು,
ಬಾಯಿ ಬಿಟ್ಟರೆ ಇಷ್ಟೇ:
'ಮಗಾ, ಆ ಇನ್ನೊಂದು ಡಬ್ಬ.'
ಒಂಬತ್ತು ವರ್ಷದ ನಾನು
ಲಂಗದ ಮರೆಯಲ್ಲಿ ತಂದುಕೊಡುತ್ತಿದ್ದೆ.
ಡಿಕಾಕ್ಷನ್ ಏನು ಗಟ್ಟಿ ಇಳಿಯುತ್ತೆ ನಿಮ್ಮ ಪುಡೀಲಿ!
ಅನ್ನುವರು ಗಿರಾಕಿಗಳು.
ಬೀಜ ಒಳ್ಳೇದು ಸ್ವಾಮಿ, ಅನ್ನುವರು ಅಪ್ಪ,
ತಕ್ಕಡಿಯನ್ನು ನೋಡುತ್ತ, ನನ್ನನ್ನಲ್ಲ.

ನೆಟ್ಟಿಗೆ ಇದ್ಯಾವುದೂ ಗೊತ್ತಿಲ್ಲ.
ಬೇರು ಕೀಳುವ ಕವಲುಹಾರೆಗೆ
ಅವರ ಮನೆಯಲ್ಲಿ ದೆವ್ವ ಅಂತಲೇ ಹೆಸರಂತೆ.
ದೆವ್ವ ಹಿಡಿದು ಹಿಡಿದು ಅವಳಮ್ಮನ ಸೊಂಟ
ಒಮ್ಮೆ ಬಗ್ಗಿದ್ದು ಮತ್ತೆ ನೆಟ್ಟಗಾಗಲಿಲ್ಲವಂತೆ.
ಗೂಡಿಗೆ ಬೆಂಕಿ ಇಟ್ಟ ರಾತ್ರಿ ಅಪ್ಪನಿಗೆ ನಿದ್ದೆಯಿಲ್ಲ,
ಬೇರು ಮಗುಚುತ್ತಲೇ ಬೆಳಗು.
'ಅವನು ಒಂದು ದಿನ ಕಾಫಿ ಕುಡಿದವನಲ್ಲ, ಗೊತ್ತಾ? ಚಹಾ.'
ಮತ್ತೆ ಇದೆಲ್ಲ ಎಲ್ಲಿಗೆ ಹೋಗುತ್ತಿತ್ತು?
'ದೋಣಿಗೆ. ದೋಣಿಯ ಆಚೆಗಿನದ್ದು ನಮಗೇನು.'

ಅಪ್ಪನ ಡಬ್ಬದ ಬೇರು ಇಲ್ಲಿಯದಲ್ಲ, ಬಲ್ಲೆ.
ಆ ಚೀಲದ ಮೇಲೆ ಜಾಮ್‌ನಗರದ ಮುದ್ರೆಯಿತ್ತು.
ಆದರೂ ಗೂಡಿನ ಬಾಗಿಲಲ್ಲಿ ತಲೆ ಬಗ್ಗಿಸಿ
ಒಳಗೆ ಹೋಗಿ ನಿಂತೆ.
ವಾಸನೆ ಎಂದೋ ಬಿಟ್ಟುಹೋಗಿದೆ.
ತೊಲೆಯಲ್ಲೊಂದು ಗುಬ್ಬಿಗೂಡು, ಗೂಡಿನೊಳಗೆ ಗೂಡು.
ಮೆಲ್ಲಗೆ ಅಂದೆ: ಚಿಕೋರಿ.
ಇಟ್ಟಿಗೆಗಳಿಗೆ ಏನೂ ಅನ್ನಿಸಲಿಲ್ಲ.
ಇನ್ನೂ ಸ್ವಲ್ಪ ಜೋರಾಗಿ ಅಂದೆ.

ಫ್ಲಾಸ್ಕಿನ ಮುಚ್ಚಳದಲ್ಲಿ ಅವಳಿಗೂ ಒಂದಿಷ್ಟು ಬಗ್ಗಿಸಿದೆ.
ನೆಟ್ಟಿ ಮೂಸಿದಳು, ಗುಟುಕರಿಸಿದಳು,
ನಾಲಗೆಯನ್ನು ಒಮ್ಮೆ ಅಂಗುಳಕ್ಕೆ ತಾಗಿಸಿ,
ಎಷ್ಟು ಹಾಕಿದ್ದೀ? ಅಂದಳು.

ಅಂಗಡಿ ಮುಚ್ಚಿ ಹತ್ತೊಂಬತ್ತು ವರ್ಷ,
ಅಪ್ಪ ಹೋಗಿ ಹನ್ನೊಂದು.
ಎಂಥ ಗಿರಾಕಿಗೂ ಸಿಗದ ಆ ಲೆಕ್ಕ
ಗಂಟಲಲ್ಲಿ ಒಂದು ಗಳಿಗೆ ಅಡ್ಡ ನಿಂತಿತು.
ನೂರಕ್ಕೆ ಮೂವತ್ತು, ಅಂದೆ.

ಕಮ್ಮಿಯಾಯಿತು, ಅಂದಳು.

ನಾನು ನಕ್ಕದ್ದಕ್ಕೆ
ಮರದ ಕವಲಿನಲ್ಲಿ ಕೊವಾಲಾ ಒಂದು ಕಣ್ಣು ತೆರೆದು
ಅದೇ ಸಾಕೆಂದು ಮುಚ್ಚಿಕೊಂಡಿತು.

ಆಮೇಲೆ ಮಾತಿಲ್ಲ.
ಬಂದವಳು ಬಂದಿದ್ದೀ, ಆ ತಂತಿ ಹಿಡಿ, ಅಂದಳು.
ಹಿಡಿದೆ. ಅವಳು ಮೊಳೆ ಹೊಡೆದಳು.
ಒಂದು ಕಂಬ, ಇನ್ನೊಂದು, ಮತ್ತೊಂದು,
ಕೊಲ್ಲಿಯ ನೀರು ಇಳಿದು ಕೆಸರು ಹೊಳೆಯುವವರೆಗೆ,
ಕೊನೆಯ ದೋಣಿಗೆ ಓಡಬೇಕಾಗುವವರೆಗೆ.

ದೋಣಿಯಲ್ಲಿ ನಾನೊಬ್ಬಳೇ.
ಅಂಗೈಯಲ್ಲಿ ಅಡ್ಡಕ್ಕೊಂದು ಕೆಂಪು ಗೆರೆ,
ಸ್ವಲ್ಪ ತುಕ್ಕಿನ ವಾಸನೆ.